ಗದಿಗೆವ್ವನ ಬ್ಯಾಟರಿ

ಆ ಮೊಬೈಲ್ ಒಳಗ ಇಡು ಅಂಜಲಿ. ಬೆಳಕು ಕಣ್ಣಿಗೆ ಹೊಡೀತೈತಿ. ಹೊಸಾ ನರ್ಸು ನೀನು, ರಾತ್ರಿ ಪಾಳಿಗೆ ನಿದ್ದಿ ತಡಿಯಾಕ ಆಗವಲ್ದು ಅಂತಿ. ನಾ ಹೇಳೂದು ಕೇಳು, ನಿದ್ದಿ ತಾನ ಹೋಗತೈತಿ. ನಡುವ ಬಾಯಿ ಹಾಕಿದ್ರ ಮಾತ್ರ ಎದ್ದು ಹೊಕ್ಕೇನಿ, ಮೊದಲ ಹೇಳೇನಿ.

ಈ ಬ್ಯಾಡಗಿ ದವಾಖಾನ್ಯಾಗ ಇಪ್ಪತ್ತೆರಡು ವರ್ಷ ಕಸಾ ಹೊಡದಾಕಿ ಈ ತಾಜಬಿ. ಹೆಣದ ಖೋಲಿ ತೊಳದು ಬಂದು ಚಾ ಕುಡಿಯಾಕಿ. ದೆವ್ವ ಗಿವ್ವ ಅಂತ ಬಾಯಿ ಬಡಕೊಳ್ಳಾಕಿ ಅಲ್ಲ. ಇದು ಊರ ಮಂದಿ ಹೇಳಿದ್ದೂ ಅಲ್ಲ. ನಮ್ಮ ಓಣ್ಯಾಗ, ನಮ್ಮ ಗ್ವಾಡಿಗೆ ಗ್ವಾಡಿ ಹಚ್ಚಿ ಇರೂ ಹುಲಿಗೇಶಂದು. ಆಂಬುಲೆನ್ಸ್ ಡ್ರೈವರ್ ಹುಲಿಗೇಶ, ನೀ ನೋಡೀಯಲ್ಲ, ದಿನಾ ಬಂದು 'ಚಾಚಿ, ಫಿನಾಯಿಲ್ ಕೊಡು' ಅಂತಾನಲ್ಲ, ಅಂವಾ.

ಎರಡು ವರ್ಷದ ಹಿಂದ. ಥಂಡಿ ದಿನ. ಇಬ್ರೂ ಡ್ಯೂಟಿ ಮುಗಿಸಿ ನಡಕೋತ ಮನಿಗೆ ಹೊಂಟಿದ್ವಿ. ರಾತ್ರಿ ಹನ್ನೊಂದು ದಾಟಿತ್ತು. ನಮ್ಮ ಓಣಿಗೆ ತಿರಗೂದರಾಗ ಒಂದು ಹಾಳ ಬಾವಿ ಐತಿ, ಮ್ಯಾಲೆ ಕಬ್ಬಿಣದ ಜಾಳಗಿ ಹಾಕ್ಯಾರ. ಅದರ ಹತ್ರ ಬಂದ್ವಿ. ಆ ಕಡಿಂದ ಕತ್ತಲಾಗ... ಟಕ್... ಅಂತ ಸಪ್ಪಳಾತು. ಬ್ಯಾಟರಿ ಬೆಳಕು ಬಿತ್ತು.

ಹುಲಿಗೇಶ ಗಕ್ಕನ ನಿಂತ. ಎರಡೂ ಕೈ ಮ್ಯಾಲೆ ಎತ್ತಿದ. 'ಕಂಡತು... ಕಂಡತು... ನಿಂದ್ರಸ್ತೇನಿ...' ಅಂದ.

ಬ್ಯಾಟರಿ ಹಿಡದಾಂವ ನಮ್ಮ ಓಣಿ ಡಾಕಪ್ಪ. ಹಗ್ಗಾ ಹರಕೊಂಡು ಹೋದ ಕರಾ ಹುಡಕಾಕತ್ತಿದ್ದ. 'ಕುಡದಾನೇನ ಚಾಚಿ ಇಂವಾ?' ಅಂದು ನಕ್ಕೋತ ಹೋದ.

ಕುಡದಿರಲಿಲ್ಲ. ಆ ಹುಡುಗ ಚಾ ಬಿಟ್ರ ಏನೂ ಮುಟ್ಟಾಂವ ಅಲ್ಲ. ಬಾವಿ ಕಟ್ಟಿ ಮ್ಯಾಲೆ ಕುಂದ್ರಿಸಿದೆ. 'ಏನಾತಪಾ?' ಅಂದೆ. ಆಮ್ಯಾಲೆ ಅಲ್ಲೇ ಕುಂತು ಹೇಳಿದ. ಅಳಲಿಲ್ಲ, ಏನಿಲ್ಲ. ಬಸ್ಸಿನ ಟೈಮ್ ಹೇಳಿದಂಗ ಹೇಳಿದ.

ಅವರ ಕೆಲಸ ನಿನಗ ಗೊತ್ತೈತಿ. ಗಾಡ್ಯಾಗ ಇಬ್ರ. ಇಂವಾ ಓಡಸಾಂವ, ದೀಪಿಕಾ ಅಂತ ಒಂದು ಹುಡುಗಿ ಇಂಜೆಕ್ಷನ್ನು, ಆಕ್ಸಿಜನ್ನು ನೋಡಾಕಿ. ರಾಣೆಬೆನ್ನೂರಾಕಿ. ಅಣ್ಣಾ ತಂಗಿ ಇದ್ದಂಗ ಇಬ್ರೂ, ಮೂರೂ ಹೊತ್ತು ಜಗಳಾ. ಅಕಿ ತಂದ ರೊಟ್ಟಿ ಪಲ್ಯಾ ತಿಂದು 'ಉಪ್ಪಿಲ್ಲ' ಅಂತಿದ್ದ, ಮತ್ತ ಅಕಿ ಪಾಲಿನದೂ ತಿಂತಿದ್ದ. 'ಅಣ್ಣಾ, ನಿನ್ನ ಗಾಡಿಕಿಂತ ಎತ್ತಿನ ಬಂಡಿ ಎಷ್ಟೋ ಪಾಡು' ಅಂತಿದ್ಲು ಅಕಿ. ಹೆಣಾ ಇಳಿಸಿದ ದಿನಾನೂ ಕೈ ತೊಳಕೊಂಡು, ಗಾಡಿ ಹಿಂದಿನ ಬಾಗಲದಾಗ ಕುಂತು ಮಂಡಕ್ಕಿ ತಿಂತಿದ್ರು. ಮೊದಮೊದಲು ನಾ ಬೈತಿದ್ದೆ. ಆಮ್ಯಾಲೆ ತಿಳೀತು. ತಿನ್ನದಿದ್ರ ಮುಂದಿನ ಫೋನಿಗೆ ಎದ್ದು ಹೋಗೂದು ಆಗೂದಿಲ್ಲ.

ಹೊಲದಾಗಿನ ಮನಿಗೆ ಹೋಗೂದಿದ್ರ ಅವರದೊಂದು ಪದ್ಧತಿ ಐತಿ. ಅಲ್ಲಿ ಓಣಿ ಇಲ್ಲ, ಮನಿ ನಂಬರ್ ಇಲ್ಲ. ಅದಕ್ಕ ಫೋನ್ ಮಾಡಿದವ್ರಿಗೆ ಮೊದಲ ಹೇಳ್ತಾರ... 'ಒಬ್ಬರನ್ನ ಬ್ಯಾಟರಿ ಕೊಟ್ಟು ಡಾಂಬರ್ ರೋಡಿಗೆ ನಿಂದ್ರಸ್ರಿ.'

ಅದ ವರ್ಷ ದೀಪಾವಳಿ ಮುಂದ, ರಾತ್ರಿ ಒಂದೂವರಿಗೆ, ಕಾಗಿನೆಲಿ ರೋಡಿನ ಕಡಿಂದ ಫೋನ್ ಬಂತು. ಗದಿಗೆವ್ವ ಅಂತ ಮುದುಕಿ. ಮಗ ಚನ್ನೇಶ ಮೆಣಸಿನಗಿಡಕ್ಕ ನೀರು ಬಿಡಾಕ ಹೋದಾಗ ಹಾವು ಕಡದೈತಿ. ಹೊಲದ ಮನ್ಯಾಗ ತಾಯಿ ಮಗ ಇಬ್ರ.

ದೀಪಿಕಾ ಪದ್ಧತಿ ಪ್ರಕಾರ ಹೇಳಿದ್ಲು. 'ಅಮ್ಮಾರ, ಬ್ಯಾಟರಿ ಹಿಡಕೊಂಡು ರೋಡಿಗೆ ಬಂದು ನಿಂದರ್ರಿ.'

'ಮಗನ್ನ ಬಿಟ್ಟು ಹೆಂಗ ಬರ್ಲಿ ಯವ್ವಾ?'

'ಬರದಿದ್ರ ನಮಗ ಮನಿ ಸಿಗೂದಿಲ್ರಿ.'

ಮುದುಕಿ ಮಗನ್ನ ಹೊರಸಿನ ಮ್ಯಾಲೆ ಬಿಟ್ಟು ಬಂದು, ಆಲದ ಮರದ ಕೆಳಗ ನಿಂತ್ಲು.

ಈಗ ಲಕ್ಷ್ಯ ಕೊಟ್ಟು ಕೇಳು. ರಾತ್ರಿ ತ್ರೀಫೇಸ್ ಕರೆಂಟ್ ಕೊಡೂ ದಿನ ಅವು. ಹೊಲದ ತುಂಬ ಮೋಟರು ಗುಂಯ್ ಅಂತಿರ್ತಾವು. ನೀರು ತಿರುವಾಕ ಬಂದವರ ಬ್ಯಾಟರಿ ಅಲ್ಲೊಂದು ಇಲ್ಲೊಂದು ಓಡಾಡತಿರ್ತಾವು. ಆಲದ ಮರದ ಹತ್ರ ಒಂದು ಬೆಳಕು... ಮ್ಯಾಲೆ ಕೆಳಗ... ಮ್ಯಾಲೆ ಕೆಳಗ... ಆತು. ಬಾಜೂಕ ಕುಂತಿದ್ದ ದೀಪಿಕಾ, 'ಅಣ್ಣಾ, ಅಲ್ಲೆ ಬ್ಯಾಟರಿ' ಅಂದ್ಲು. ಹುಲಿಗೇಶನೂ ನೋಡಿದ. 'ಮೋಟರ್ ಚಾಲೂ ಮಾಡಾಕ ಬಂದಾಂವ ಇರಬೇಕು ಬಿಡವಾ' ಅಂದ. ಮುಂದ ಹೋದ.

ಮುಂದಿನ ಮಣ್ಣಿನ ದಾರಿಗೆ ಇಳದು ಎರಡು ಕಿಲೋಮೀಟರ್ ಹೋದ್ರು. ಯಾರದೋ ಹೊಲ. ಫೋನು ಹತ್ತವಲ್ದು. ಗಾಡಿ ತಿರಗಸಾಕ ಜಾಗಾ ಇಲ್ಲ. ತಿರಗಿ ಆಲದ ಮರಕ್ಕ ಬರೂದರಾಗ ಮೂವತ್ತೈದು ನಿಮಿಷ ಹೋಗಿತ್ತು. ಮುದುಕಿ ಇನ್ನೂ ಅಲ್ಲೇ ನಿಂತಿದ್ಲು. ಬ್ಯಾಟರಿ ಅಲ್ಲಾಡಸ್ಕೋತ.

ಹಾವೇರಿ ದೊಡ್ಡ ದವಾಖಾನಿಗೆ ಒಯ್ಯೂಮುಂದ, ಮೋಟೆಬೆನ್ನೂರ ಕ್ರಾಸಿನ ಹತ್ರ ಮಗ ಗಾಡ್ಯಾಗ ಜೀವಾ ಬಿಟ್ಟ. ದೀಪಿಕಾ ಎದಿ ಒತ್ತೂದು ನಿಲ್ಲಿಸಿದ್ಲು. ಆಮ್ಯಾಲೆ ಮುದುಕಿ ಡ್ರೈವರ್ ಕಡಿ ನಡುವಿನ ಕಿಡಕ್ಯಾಗ ಮುಖಾ ಇಟ್ಟು, ಮೆಲ್ಲಕ ಕೇಳಿದ್ಲಂತ. 'ತಮ್ಮಾ, ಒಮ್ಮೆ ಹಾದು ಹೋದ್ರೆಲ್ಲೋ. ನನ್ನ ಬ್ಯಾಟರಿ ಕಾಣಲಿಲ್ಲೇನು?'

ಹುಲಿಗೇಶ, 'ಇಲ್ಲವ್ವಾ. ಕಾಣಲಿಲ್ಲ' ಅಂದ.

ದೀಪಿಕಾ ಬಾಯಿ ಬಿಡಲಿಲ್ಲ. ಅಣ್ಣನ ನೌಕರಿ ಹೋಗತೈತಿ ಅಂತ. ಆಮ್ಯಾಲೆ ಇಬ್ರ ನಡುವನೂ ಆ ಮಾತು ಬರಲಿಲ್ಲ. ಮರುದಿನ ಮತ್ತ ರೊಟ್ಟಿ ತಂದ್ಲು, ಇಂವಾ ತಿಂದ. 'ಉಪ್ಪಿಲ್ಲ' ಅನ್ನಲಿಲ್ಲ ಅಷ್ಟ.

ಬಾವಿ ಕಟ್ಟಿ ಮ್ಯಾಲೆ ಇದನ್ನ ಕೇಳಿ ನಾನೂ ಅವನ ಬಾಜೂಕ ಕುಂತ ಬಿಟ್ಟೆ. ಯಾಕ ಗೊತ್ತೇನು? ಮಗ ಸತ್ತ ಮುಂಜಾನೆ ಹೆಣಾ ತಿರಗಿ ಇಲ್ಲಿಗೇ ತಂದಿದ್ರು, ಆ ಮುದುಕಿ ಇದ ಪಡಸಾಲ್ಯಾಗ, ನೀ ಕುಂತಲ್ಲೇ ಕುಂತಿದ್ಲು. ಒಳಗ ಮಗನ ಹೆಣದ ಕಾಗದಪತ್ರ ಆಗಾಕತ್ತಿದ್ವು. ಇಲ್ಲಿ ಅಕಿ ಬ್ಯಾಟರಿ ಗುಂಡಿ ಒತ್ತಾಕತ್ತಿದ್ಲು. ಟಕ್... ಟಕ್... ಟಕ್... ಹಳೇ ತಗಡಿನ ಬ್ಯಾಟರಿ, ಹಿಂದಿನ ಮುಚ್ಚಳಕ್ಕ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿತ್ತು. ನಾ ಕಸಾ ಹೊಡಕೋತ ಬಂದೆ. 'ನೋಡವಾ, ಕಾಣತೈತೇನು?' ಅಂದ್ಲು. ಹಗಲು ಬಿಸಲಾಗ ಏನು ಕಾಣತೈತಿ ಹೇಳು! 'ಕಾಣಂಗಿಲ್ಲ ಬಿಡವಾ, ಸೆಲ್ ಹೋಗ್ಯಾವು' ಅಂದೆ. ಅಂದ ಬಿಟ್ಟೆ. ನನಗೇನು ಗೊತ್ತು?

ಅಕಿ ಗೋಣು ಹಾಕಿದ್ಲು. 'ಹೌದು. ಹೊಸಾ ಸೆಲ್ ತರ್ತೇನವ್ವಾ ಅಂದಿದ್ದ ನನ್ನ ಮಗ. ಇನ್ನೊಂದು ವಾರ ನಡೀತಾವು ಬಿಡೋ ಅಂದೆ ನಾನು.'

ಹಂಗ ಅಂದು, ಹೆಣದ ಜೋಡಿ ಹೋದ್ಲು. ಬ್ಯಾಟರಿನ ಈ ಕುಂದ್ರೂ ಬಾಕಿನ ಮ್ಯಾಲೆ ಮರತು ಹೋದ್ಲು. ಆ ಕಡೆ ಹೋದಾಗ ಕೊಟ್ಟು ಬರ್ರೆಪಾ ಅಂತ ನಾನ ಅದನ್ನ ಆಂಬುಲೆನ್ಸಿನ ಮುಂದಿನ ಖಾನ್ಯಾಗ, ಕಾಗದ ಇಡ್ತಾರಲ್ಲ ಅಲ್ಲಿಟ್ಟೆ. ಅವರು ಕೊಡಲಿಲ್ಲ. ಸೆಲ್ ನೀರೊಡದು ಖಾನೆಲ್ಲ ಹೊಲಸಾತು. ಗಾಡಿ ತೊಳಿಯೂಮುಂದ ನಾನ ಸೆಲ್ ತಗದು ಒಗದು, ಬರೇ ಬ್ಯಾಟರಿ ಒರಸಿ ಇಟ್ಟೆ. ಈ ಮಾತು ನೆನಪಿಡು.

ಬಾವಿ ಹತ್ರ ನಾ ಹುಲಿಗೇಶಗ ಬೈದೆ. 'ಲೇ ಖೋಡಿ, ಹೆತ್ತ ತಾಯಿ... ತನ್ನ ಹಳೇ ಸೆಲ್ಲಿಂದ ಮಗ ಸತ್ತ ಅಂತ ತಿಳಕೊಂಡು ಕುಂತಾಳ. ಹೋಗಿ ಖರೇ ಹೇಳು. ಬೈದ್ರ ಬೈಸ್ಕೋ. ಹೊಡದ್ರ ಹೊಡಸ್ಕೋ.'

'ನಾಳೆ ಹೋಗ್ತೇನಿ ಚಾಚಿ' ಅಂದ.

ಆ ನಾಳೆ ಹೈವೇದಾಗ ಲಾರಿ ಬಿತ್ತು. ಮರುದಿನ ಹಾವೇರಿಗೆ ಎರಡು ಸಲ ಹೋಗೂದಾತು. ನಾಳೆ, ನಾಳೆ ಅನ್ನಕೋತ ಸಂಕ್ರಾಂತಿ ಬಂತು. ಅದ ವಾರ ಗದಿಗೆವ್ವ ಸತ್ಲು. ಆ ಹೊಲದ ಕಡೆಯವರು ಇಲ್ಲಿಗೆ ಬಂದಾಗ ಹೇಳಿದ್ರು. ಎರಡು ತಿಂಗಳು ಬ್ಯಾಡಗಿ ಪ್ಯಾಟ್ಯಾಗ ಕಂಡ ಕಂಡ ಅಂಗಡಿಗೆ ಹೋಗಿ, 'ಎಲ್ಲಾಕಿಂತ ಛಲೋ ಸೆಲ್ ಯಾವುವು?' ಅಂತ ಕೇಳತಿದ್ಲಂತ. ಕೊಟ್ರ ತಗೋತಿರಲಿಲ್ಲಂತ. ಬರೇ ಕೇಳೂದು.

ನಾ ಹುಲಿಗೇಶಗ ಹೇಳಿದೆ. ಊಟಾ ಮಾಡಾಕತ್ತಿದ್ದ. 'ಹೂಂ' ಅಂದ. ಊಟಾ ಮುಗಿಸಿ ತಾಟು ತೊಳದಿಟ್ಟ.

ಶಿವರಾತ್ರಿ ಆಗಿ ಎಂಟು ದಿನ. ಅದ ಕಾಗಿನೆಲಿ ರೋಡಿನಿಂದ ಮತ್ತ ಫೋನು. ವೀರೇಂದ್ರ ಅಂತ ಗಂಡುಮಗ. ಹೆಂಡ್ತಿ ಸುಧಾರಾಣಿಗೆ ದಿನಾ ತುಂಬ್ಯಾವು, ಬ್ಯಾನಿ ಹತ್ತೈತಿ, ರಕ್ತ ನಿಲ್ಲವಲ್ದು. 'ಹೊಲದ ಮನಿರಿ. ನಾವಿಬ್ರ ಅದೇವಿ. ರೋಡಿಗೆ ನಾ ಬಂದು ನಿಂದ್ರಲೇನ್ರಿ?'

ದೀಪಿಕಾ ಫೋನ್ ಗಟ್ಟಿ ಹಿಡಕೊಂಡ್ಲಂತ. 'ಬ್ಯಾಡ. ನೀವು ಅಕಿ ಹತ್ರಾನ ಇರ್ರಿ. ನಾವ ಹುಡಕತೇವಿ.'

ಗಾಡಿ ಹೋತು. ಅವತ್ತು ಕರೆಂಟ್ ಹೋಗಿತ್ತು. ಒಂದು ಮೋಟರ್ ಸಪ್ಪಳಿಲ್ಲ, ಹೊಲದಾಗ ಒಂದು ಬ್ಯಾಟರಿ ಇಲ್ಲ. ಬಲಕ್ಕ ಐದಾರು ಮಣ್ಣಿನ ದಾರಿ, ಎಲ್ಲಾ ಒಂದ ಥರ. ಆಲದ ಮರ ಬಂತು. ಹುಲಿಗೇಶ ಗಾಡಿ ಸಾವಕಾಶ ಮಾಡಿದ.

ಟಕ್...

ಮರದ ಕೆಳಗ ಬೆಳಕು ಹತ್ತಿತು. ಮ್ಯಾಲೆ ಕೆಳಗ... ಮ್ಯಾಲೆ ಕೆಳಗ...

'ಬರಬ್ಯಾಡ್ರಿ ಅಂದ್ರೂ ಬಂದಾನಲ್ಲ' ಅಂದ್ಲು ದೀಪಿಕಾ. ಹುಲಿಗೇಶ ಗಾಡಿ ನಿಂದ್ರಿಸಿದ. ಬೆಳಕು ಮಣ್ಣಿನ ದಾರಿಗೆ ಇಳೀತು. ಅದರ ಹಿಂದ ಗಾಡಿ. ಮುಂದ ಹರಕ ಚಪ್ಪಲಿ ಸಪ್ಪಳ... ಚಟಕ್... ಚಟಕ್... ತಿರುವು ಬಂದಲ್ಲೆ ಬೆಳಕು ನಿಂದ್ರತಿತ್ತು. ಗಾಡಿ ತಿರಗಿದ ಮ್ಯಾಲೆ ಹೋಗತಿತ್ತು. ಗಾಡಿ ಲೈಟು ನೆಟ್ಟಗ ಅದರ ಮ್ಯಾಲೇ ಬಿದ್ದಿತ್ತು ಅಂಜಲಿ. ಬರೇ ಮಣ್ಣು ಕಾಣತಿತ್ತಂತ. ಹಿಡದವರು ಕಾಣಲಿಲ್ಲ.

'ಅಣ್ಣಾ...' ಅಂದ್ಲು ದೀಪಿಕಾ.

'ಸುಮ್ನಿರು' ಅಂದ ಹುಲಿಗೇಶ.

ಮನಿ ಮುಂದ ಬೆಳಕು ಆರಿತು. ವೀರೇಂದ್ರ ಒಳಗಿಂದ ಓಡಿ ಬಂದ, ಅಂಗೈ ತುಂಬ ರಕ್ತ. ದೀಪಿಕಾ, 'ರೋಡಿಗೆ ಯಾರನ್ನ ಕಳಿಸಿದ್ರಿ?' ಅಂದ್ಲು. 'ಯಾರನ್ನ ಕಳಸ್ಲಿರಿ ಅಕ್ಕಾರ? ನೀವ ಬ್ಯಾಡ ಅಂದ್ರೆಲ್ಲ' ಅಂದ ಅಂವಾ. ಮಾತಾಡೂ ಹೊತ್ತಲ್ಲ ಅದು. ಹೆಣ್ಣುಮಗಳನ್ನ ಸ್ಟ್ರೆಚರ್ ಮ್ಯಾಲೆ ಹಾಕಿ, ದೀಪಿಕಾನೂ ವೀರೇಂದ್ರನೂ ಹಿಂದ ಕುಂತ್ರು. ಹುಲಿಗೇಶ ಮುಂದ ಒಬ್ಬನ.

ತಿರಗಿ ಆಲದ ಮರದ ಹತ್ರ, ಡಾಂಬರ್ ರೋಡಿಗೆ ಏರೂಮುಂದ... ಟಕ್...

ಈ ಸಲ ಅವನ ಕಿಡಕಿ ಬಾಜೂನ ಹತ್ತಿತು. ಮುಖದ ಮ್ಯಾಲೆ ಬೆಳಕು ಬಿತ್ತು. ಕಿವಿ ಹತ್ರ ಮೆಲ್ಲಕ ದನಿ.

'ಕಂಡತೇನೋ ತಮ್ಮಾ?'

ಹಿಂದ ಹೆಣ್ಣುಮಗಳು ನರಳಾಕತ್ತಿದ್ಲು. ಹುಲಿಗೇಶ ಅಂದ. 'ಈಗಷ್ಟ ಅಲ್ಲವ್ವಾ. ಅವತ್ತೂ ಕಂಡಿತ್ತು. ಛಲೋ ಕಂಡಿತ್ತು. ನಾನ ನಿಂದ್ರಲಿಲ್ಲ. ಸುಳ್ಳು ಹೇಳಿದೆ.'

ಟಕ್. ಆರಿತು.

ಹಿಂದ ಕುಂತ ದೀಪಿಕಾಗ ಇವನ ಮಾತು ಕೇಳೈತಿ. ಆ 'ಟಕ್' ಕೇಳೈತಿ. ಮತ್ತೊಂದು ದನಿ ಕೇಳಿಲ್ಲ. ಬೇಕಂದ್ರ ನಾಳೆ ಅಕಿನ್ನ ಕೇಳು.

ಬ್ಯಾಡಗಿ ಊರಾಗ ಬರೂದರಾಗ ಗಾಡ್ಯಾಗ ಹೆಣ್ಣು ಕೂಸು ಅತ್ತಿತು. ತಾಯಿನೂ ಉಳದ್ಲು. ನಾ ಅವತ್ತು ಇದ ಪಾಳ್ಯಾಗ ಇದ್ದೆ. ಬಕೀಟು, ಫಿನಾಯಿಲ್ ತಗೊಂಡು ಗಾಡಿ ತೊಳಿಯಾಕ ಹೋದೆ. ಹುಲಿಗೇಶ ಮೆಟ್ಟಲ ಮ್ಯಾಲೆ ಕುಂತಿದ್ದ. ದೀಪಿಕಾ ಕೈಯಾಗ ಮಂಡಕ್ಕಿ ಪುಡಿಕಿ ಇತ್ತು, ಬಿಚ್ಚಿರಲಿಲ್ಲ.

'ಹೇಳಿದೆ ಚಾಚಿ' ಅಂದ.

'ಯಾರಿಗೋ?'

ಎಲ್ಲಾ ಹೇಳಿದ. ನನಗ ಸಿಟ್ಟು ಬಂತು. ಅಂಜಿದ್ರ ನನಗ ಸಿಟ್ಟು ಬರ್ತೈತಿ. 'ತಲಿ ಕೆಟ್ಟೈತಿ ನಿಂದು! ಅಕಿ ಬ್ಯಾಟರಿ ಇಲ್ಲೇ ನಿನ್ನ ಗಾಡ್ಯಾಗ ಐತಿ, ಅದರ ಸೆಲ್ ನಾನ ತಗದು ಒಗದೇನಿ' ಅಂತ ಖಾನೆ ತಗದೆ. ಕಾಗದದ ಕೆಳಗ ಅಲ್ಲೇ ಇತ್ತು. ಟ್ಯೂಬಿನ ಪಟ್ಟಿ ಬಿಚ್ಚಿ, ಮುಚ್ಚಳ ತಗದು ಇಬ್ರಿಗೂ ತೋರಿಸಿದೆ. ಒಳಗ ಸೆಲ್ ಇಲ್ಲ. ತುಕ್ಕು ಹಿಡದ ಸ್ಪ್ರಿಂಗ್ ಒಂದ.

ಆಮ್ಯಾಲೆ ನನ್ನ ಹೆಬ್ಬಟ್ಟು ಬ್ಯಾಟರಿ ಮುಂದಿನ ಗಾಜಿಗೆ ತಾಗಿತು. ಬಿಸಿ. ಈಗ ಸೋಸಿದ ಚಾದ ಕಪ್ಪಿನಷ್ಟು ಬಿಸಿ.

ನಾ ಅದನ್ನ ತಂದು ಈ ಬಾಕಿನ ಮ್ಯಾಲೆ ಇಟ್ಟೆ, ಅಕಿ ಕುಂತ ಜಾಗಾಕ್ಕ. ಬಾಜೂಕ ಕುಂತೆ. 'ಕಾಣತಿತ್ತವ್ವಾ' ಅಂದೆ. 'ನಾ ಬಿಸಲಾಗ ನೋಡಿ ಹಂಗ ಅಂದೆ. ನಿನ್ನ ಸೆಲ್ ಛಲೋ ಇದ್ವು.' ಇಪ್ಪತ್ತೆರಡು ವರ್ಷದಾಗ ಈ ಪಡಸಾಲ್ಯಾಗ ನಾ ಅತ್ತಿದ್ದು ಅವತ್ತೊಂದ ದಿನ.

ನಗಬ್ಯಾಡ. ಖುದಾನ ಆಣಿ, ಖರೇ ಹೇಳಾಕತ್ತೇನಿ. ಈ ಕೈಲೆ ಹಿಡದೇನಿ. ಮುಂಜಾನೆ ಅಜಾನ್ ಆದ್ರೂ ಆ ಗಾಜಿನ ಬಿಸಿ ಆರಿರಲಿಲ್ಲ.