ಕೋಟಿನ ಗುಂಡಿ

ಅಧ್ಯಕ್ಷರಾದ ಸಿದ್ದಲಿಂಗಪ್ಪನವರೇ, ದೌಂಡಿನಿಂದ ಬೆಳಗಿನ ಗಾಡಿಗೆ ಬಂದ ಅತಿಥಿಗಳಾದ ಮಲಕಪ್ಪನವರೇ, ಉಪ್ಪಿಟ್ಟಿನ ಭಾರ ಹೊತ್ತ ಹೋಟೆಲಿನ ಸದಾನಂದರಾಯರೇ, ಪುಣೆಯ ಕನ್ನಡಿಗ ಸಭಿಕರೇ, ಮತ್ತು ಹಿಂದಿನ ಬೆಂಚಿನಲ್ಲಿ ಹೋಗಿ ಕುಳಿತಿರುವ ನನ್ನ ತಮ್ಮನೇ,

ಸತ್ಕಾರ ಯಾರದೋ ಅವನು ವೇದಿಕೆಯ ಮೇಲಿಲ್ಲ, ನಾನಿದ್ದೇನೆ. ಎರಡು ಮಾತು ಆಡಿರಿ ಎಂದು ಅಧ್ಯಕ್ಷರು ಹೇಳಿದರು. ಎರಡು ಮಾತಿಗೆ ಮುಗಿದ ಭಾಷಣವನ್ನು ಈ ಸಂಘದಲ್ಲಿ ನಾನಂತೂ ಕೇಳಿಲ್ಲ.

ಪ್ರೊಫೆಸರ್ ಗೂಳಪ್ಪ ನಿಮಗೆ ತತ್ತ್ವಜ್ಞಾನಿ. ನನಗೆ, ನಮ್ಮವ್ವ ತೀರಿಕೊಂಡ ಮೇಲೆ ಸೊಂಟದ ಮೇಲೆ ಹೊತ್ತು ಬೆಳೆಸಿದ ಕೂಸು. ಮದುವೆಯಾಗಿ ಬರುವಾಗ ಎಲ್ಲರೂ ತವರಿನಿಂದ ಪಾತ್ರೆ ಪಗಡೆ ತರುತ್ತಾರೆ. ನಾನು ಇಲ್ಲಿಯ ರವಿವಾರ ಪೇಠೆಗೆ ತಮ್ಮನನ್ನು ತಂದೆ. ನಮ್ಮ ಯಜಮಾನರು ಒಂದು ಮಾತೂ ಆಡಲಿಲ್ಲ. ಆಡಿದ್ದರೆ ನಾನು ಕೇಳುತ್ತಿದ್ದೆನೇ? ನಾನು ಧಾರವಾಡದಲ್ಲಿ ಇಂಗ್ಲಿಷ್ ಐದನೆಯ ಇಯತ್ತೆಯವರೆಗೆ ಓದಿದವಳು. ಮುಂದಿನದನ್ನೆಲ್ಲ ಅವನು ಓದಿದ.

ಹೋದ ವರ್ಷ ಇಂಗ್ಲೆಂಡಿನ ವಿದ್ಯಾಪೀಠದವರು ಅವನನ್ನು ಕರೆಸಿಕೊಂಡರು. ವಿದ್ವಾಂಸರ ಎದುರು ಮಾತನಾಡಿದ್ದು ಸಾಲದೆಂದು ಅವನು ನೂಲಿನ ಗಿರಣಿಗಳ ಊರೂರು ತಿರುಗಿದ. ನಮ್ಮ ಯಜಮಾನರ ಅಂಗಡಿಯಂಥ ಅಂಗಡಿಗಳು ವಿಲಾಯತಿ ಅರಿವೆ ಮಾರುವುದನ್ನು ಬಿಟ್ಟಿದ್ದರಿಂದ ಅಲ್ಲಿ ಎಷ್ಟೋ ಮಗ್ಗ ನಿಂತಿದ್ದವು. ಆದರೂ ಆ ಕೆಲಸಗಾರರು ಅವನಿಗೆ ಕುರ್ಚಿ ಹಾಕಿದರು, ಚಹಾ ಕೊಟ್ಟರು, ಕುಳಿತು ಕೇಳಿದರು. ನಾವಾಗಿದ್ದರೆ ಕೇಳುತ್ತಿದ್ದೆವೇ?

ಒಂದು ಊರಿನಲ್ಲಿ ಅವನು ಹೇಳಿದ: ನಮ್ಮಲ್ಲಿ ದೇವರಿಗೂ ಮನುಷ್ಯನಿಗೂ ನಡುವೆ ಯಾರೂ ಬೇಡ, ಇಷ್ಟಲಿಂಗವನ್ನು ಎದೆಯ ಮೇಲೆ ಧರಿಸುತ್ತೇವೆ, ಅಂಗೈಯಲ್ಲಿಟ್ಟು ಪೂಜಿಸುತ್ತೇವೆ, ದುಡಿಯುವ ಕೈಗಳಲ್ಲಿ ಮೇಲು ಕೀಳು ಇಲ್ಲ. ಆಗ ತಲೆಗೆ ವಸ್ತ್ರ ಕಟ್ಟಿಕೊಂಡ ಗಿರಣಿಯ ಮುದುಕಿಯೊಬ್ಬಳು ಎದ್ದು ಬಂದು, ನನ್ನ ಅಂಗೈಯಲ್ಲೂ ಒಮ್ಮೆ ಇಡುವಿರಾ ಎಂದು ಕೈ ಚಾಚಿದಳಂತೆ. ಇವನು ಹಿಂದೆ ಸರಿದು ಕೋಟಿನ ಗುಂಡಿ ಹಾಕಿಕೊಂಡ.

ಊರಿಗೆ ಬಂದವನು ಇದನ್ನು ಊಟಕ್ಕೆ ಕುಳಿತಾಗ ಹೇಳಿದ. ನನಗೆ ಹಿಗ್ಗೋ ಹಿಗ್ಗು. ಮರುದಿನವೇ ಅಧ್ಯಕ್ಷರ ಮನೆಗೆ ಹೋಗಿ ಮಾನಪತ್ರದಲ್ಲಿ ಆ ಸಾಲು ಹಾಕಿಸಿದೆ. ನಿಮ್ಮ ಕೈಯಲ್ಲಿ ಈಗ ಅದೇ ಇದೆ: "ಪರದೇಶದ ಸಭೆಯಲ್ಲಿ ಪರರ ಹಸ್ತಕ್ಕೆ ಇಷ್ಟಲಿಂಗವನ್ನೊಪ್ಪಿಸದೆ ಸ್ವಧರ್ಮದ ಪತಾಕೆಯನ್ನು ಎತ್ತಿ ಹಿಡಿದ ಧೀರರು."

ಛಾಪಾ ಆದ ಪ್ರತಿ ಇಂದು ಬೆಳಿಗ್ಗೆ ಮನೆಗೆ ಬಂತು. ಅವನು ಓದಿ ಅಡುಗೆಮನೆಗೆ ಬಂದ.

"ಅಕ್ಕಾ, ಇದನ್ನ ಯಾರು ಬರಿಸ್ಯಾರ?"

"ನಾನs. ತಪ್ಪೇನದ? ನೇಮ ಉಳಿಸಿದಿ."

"ನೇಮದ ಮಾತು ಬ್ಯಾರೆ. ನಮ್ಮ ಅಕ್ಕನ ಕೈಗೂ ಕೊಡೂದಿಲ್ಲ ಅಂತ ಒಂದು ಮಾತು ಹೇಳಿದ್ರ ಆಕಿಗೆ ತಿಳೀತಿತ್ತು. ಹೇಳ್ಲಿಲ್ಲ. ಎಣ್ಣಿ ಮಸಿ ಹತ್ತಿದ ಆ ಕೈ ನೋಡಿ ಗುಂಡಿ ಹಾಕ್ಕೊಂಡ್ನಿ. ಚಿಂತಿಲ್ಲ ಬಿಡ್ರಿ, ನಮ್ಮ ಪಾದ್ರಿನೂ ಹಿಂಗs ಅಂತ ನಕ್ಕು ಆಕಿ ಕುಂತಳು. ನಾ ಸೋತಿದ್ದಕ್ಕ ನೀ ಹಾರ ಹಾಕಾಕತ್ತಿ."

ಆ ಸಾಲು ಇದ್ದರೆ ಶಾಲು ಹೊದೆಯುವುದಿಲ್ಲ ಎಂದ. ಅಷ್ಟು ಜನರೆದುರು ಮನೆತನದ ಮರ್ಯಾದೆ ಏನಾಗಬೇಕು ಎಂದು ಕೇಳಿದೆ. ಅದಕ್ಕೆ ಅವನು ಮೆಲ್ಲಗೆ, "ಅಂಥಾ ಕೈ ಕಂಡ್ರ ಹಿಂದ ಸರಿಯೂದು ನಾ ಇಂಗ್ಲೆಂಡಿನ್ಯಾಗ ಕಲತದ್ದಲ್ಲಕ್ಕಾ" ಎಂದ.

ನನಗೆ ಕೆಲಸವಿತ್ತು. ನಮ್ಮ ಮನೆಗೆಲಸದ ರಂಗೂಬಾಯಿ ತಿಕ್ಕಿ ತೊಳೆದಿಟ್ಟ ತಂಬಿಗೆಗಳ ಮೇಲೆ ಇನ್ನೊಮ್ಮೆ ನೀರು ಹಾಕಿ ಒಳಗೆ ತೆಗೆದುಕೊಳ್ಳುತ್ತಿದ್ದೆ. ದಿನದ ಕೆಲಸ ಅದು. ಅವನು ಅಂಬೆಗಾಲಿಕ್ಕುವಾಗಿನಿಂದ ನೋಡಿದ್ದಾನೆ. ಈ ಬೆಳಿಗ್ಗೆ ಮಾತ್ರ ಅವಳೂ ನಿಂತು ನೋಡುತ್ತಿದ್ದಳು. ಅರ್ಧ ತಂಬಿಗೆಗಳು ಹಾಗೆಯೇ ಉಳಿದವು.

ಸಭಿಕರೇ, ನಮ್ಮ ನೇಮ ನಮ್ಮದು. ಅದನ್ನು ನಾನು ಸಾಯುವವರೆಗೂ ಬಿಡುವುದಿಲ್ಲ. ಆದರೆ ಒಬ್ಬ ಮುದುಕಿಯ ಕೈ ಕಂಡು ಹೇಸುವುದಕ್ಕೆ ನೇಮ ಎಂದು ಹೆಸರಿಡಬಹುದೇ? ಅದನ್ನು ಛಾಪಿಸಿ ಚೌಕಟ್ಟು ಹಾಕಿಸಬಹುದೇ? ಛಾಪಾ ಆಗಿಹೋಗಿದೆ, ಇನ್ನೇನೂ ಮಾಡಲು ಬಾರದು ಎಂದು ಕಾರ್ಯದರ್ಶಿ ಹೊಳಬಸಪ್ಪನವರು ಮಧ್ಯಾಹ್ನದಿಂದ ಹೇಳುತ್ತಿದ್ದಾರೆ. ಹೊಳಬಸಪ್ಪನವರೇ, ಆ ಸಾಲು ಹಾಕಿಸಿದವಳು ನಾನು, ತೆಗೆಸುವವಳೂ ನಾನೇ. ಮಸಿಯ ದೌತಿ, ಲೇಖಣಿ ಮೇಜಿನ ಮೇಲಿವೆ. ಹೊಡೆದುಹಾಕಿ ಉಳಿದದ್ದನ್ನು ಓದಿರಿ.

ಗೂಳಪ್ಪಾ, ಎದ್ದು ಮೇಲೆ ಬಾ. ಇಷ್ಟು ಜನರನ್ನು ಕಾಯಿಸಬಾರದು.

ಇನ್ನು ಶಾಲು. ಅದನ್ನು ಅತಿಥಿಗಳು ಹೊದಿಸಬೇಕೆಂದಿತ್ತು. ಮಲಕಪ್ಪನವರು ದೊಡ್ಡ ಮನಸ್ಸು ಮಾಡಬೇಕು. ಅಗೋ, ಬಾಗಿಲಲ್ಲಿ ಚಹಾದ ಕಪ್ಪುಗಳ ಹತ್ತಿರ ನಿಂತಿರುವ ರಂಗೂಬಾಯಿಯ ಕೈಗೆ ಅದನ್ನು ಆಗಲೇ ಕೊಟ್ಟಿದ್ದೇನೆ. ಅವಳು ಈ ಬೆಂಚುಗಳ ನಡುವೆಯೇ ನಡೆದು ಬರುತ್ತಾಳೆ, ಅವಳೇ ಹೊದಿಸುತ್ತಾಳೆ. ಯಾರಿಗಾದರೂ ಅಡ್ಡಿಯಿದ್ದರೆ ಈಗಲೇ ತಮ್ಮ ತಮ್ಮ ಕೋಟಿನ ಗುಂಡಿ ಹಾಕಿಕೊಳ್ಳಬಹುದು. ನಾನು ಇಲ್ಲಿಂದ ನೋಡುತ್ತಿರುತ್ತೇನೆ.

ತಾಳ್ಮೆಯಿಂದ ಕೇಳಿದಿರಿ, ಉಪಕಾರವಾಯಿತು. ಎಲ್ಲರಿಗೂ ಈ ಬಸವಣ್ಣೆವ್ವನ ನಮಸ್ಕಾರ.