ತೊಂಬತ್ತೈದು ಡಿಗ್ರಿ, ಮೂರು ಪೊಟ್ಟಣ

ತೈಪೆಯ ಕಂಪ್ಯೂಟರ್ ಮಾರುಕಟ್ಟೆಯಲ್ಲಿ ರಿಪೇರಿ ಕೌಂಟರಿನ ಸಾಲು. ನನ್ನ ಮುಂದೆ ಒಬ್ಬ ಹುಡುಗಿ, ತಾನೇ ಜೋಡಿಸಿದ ಕಂಪ್ಯೂಟರನ್ನು ತಳ್ಳುಗಾಡಿಗೆ ಕಟ್ಟಿಕೊಂಡು ನಿಂತಿದ್ದಳು. ಜೊತೆಗೆ ಅವಳ ಸೋದರಮಾವ.

“ಪ್ರೊಸೆಸರ್ ಹೋಯ್ತು ಅನ್ಸುತ್ತೆ ಮಾವ. ತೊಂಬತ್ತೈದು ಡಿಗ್ರಿ ತೋರಿಸುತ್ತೆ, ಆಮೇಲೆ ತಾನೇ ಆಫ್ ಆಗುತ್ತೆ. ನಾಳೆ ಮದುವೆ ವಿಡಿಯೋ ಕೊಡಬೇಕು.”

“ಫ್ಯಾನ್ ತಿರುಗ್ತಿದೆಯಾ?”

“ತಿರುಗ್ತಿದೆ. ಧೂಳೂ ತೆಗೆದೆ.”

“ಬಿಸಿ ಒಂದ್ಸಲಾನೂ ಇಳೀಲಿಲ್ವಾ?”

“ನಿನ್ನೆ ಸ್ವಲ್ಪ ಹೊತ್ತು ಅರವತ್ತಕ್ಕೆ ಬಂತು. ಕ್ಯಾಬಿನೆಟ್ ಮೇಲಿಟ್ಟಿದ್ದ ಕುರುಕಲು ಪೊಟ್ಟಣದ ತಾರೀಕು ಮುಗಿದಿತ್ತು. ಹಳೇದಿಟ್ರೆ ಯಂತ್ರ ಮುನಿಸ್ಕೊಳ್ಳುತ್ತಲ್ಲ, ಅದನ್ನ ತೆಗೆದು ಹೊಸದು ತರೋಕೆ ಹೋಗಿದ್ದೆ.” ಯಂತ್ರ ಕೆಡದೆ ಓಡಲೆಂದು ಅದರ ಮೇಲೆ ಕುರುಕಲು ತಿಂಡಿಯ ಪೊಟ್ಟಣ ಇಡುವುದು ಇಲ್ಲಿನವರ ರೂಢಿ; ಅದೂ ಸಿಗ್ನಲ್ ದೀಪದ ಹಾಗೆ ಹಸಿರೇ ಆಗಬೇಕು.

“ಹಸಿರು ಪೊಟ್ಟಣಾನೇ ತಾನೆ?”

“ಮತ್ತಿನ್ನೇನು, ಹಳದಿ ಇಟ್ರೆ ಯಂತ್ರ ಮಾತು ಕೇಳುತ್ತಾ?”

“ಹೊಸದು ಇಟ್ಟ ಮೇಲೆ?”

“ಮತ್ತೆ ಏರಿತು. ಒಂದು ಸಾಲದೇನೋ ಅಂತ ಇನ್ನೂ ಎರಡು ಇಟ್ಟೆ. ಆಗಲೇ ಪೂರ್ತಿ ಆಫ್ ಆಗಿದ್ದು.”

ಮಾವ ಬಗ್ಗಿ ಕ್ಯಾಬಿನೆಟ್ಟಿನ ನೆತ್ತಿಯ ಜಾಲರಿಯ ಮೇಲೆ ಕೈಯಾಡಿಸಿದರು.

“ಬಿಸಿಗಾಳಿ ಎಲ್ಲಿಂದ ಆಚೆ ಹೋಗುತ್ತೆ, ಯುನ್‌ಶಾನ್?”

ಅವಳು ಜಾಲರಿ ನೋಡಿದಳು. ಆಮೇಲೆ ಕೈಚೀಲದಲ್ಲಿದ್ದ ಮೂರು ಪೊಟ್ಟಣ ನೋಡಿದಳು.

“ಹಾಗಾದ್ರೆ ಪ್ರೊಸೆಸರ್‌ಗೆ ಏನೂ ಆಗಿಲ್ವಾ?”

“ಉಸಿರು ಕಟ್ಟಿತ್ತು ಅಷ್ಟೆ. ನಡಿ ಮನೆಗೆ. ಇನ್ಮೇಲೆ ಪೊಟ್ಟಣ ಪಕ್ಕದಲ್ಲಿಡು.”

ಅವಳು ಅಲ್ಲೇ ಗೋಡೆಗೊರಗಿ ಒಂದು ನಿಮಿಷ ಸುಮ್ಮನೆ ನಕ್ಕಳು. ಇಬ್ಬರೂ ಸಾಲು ಬಿಟ್ಟು ಹೊರಟರು. ಲಿಫ್ಟಿನ ಹತ್ತಿರ ಪೊಟ್ಟಣ ಹರಿದ ಸದ್ದು.

“ತಿನ್ಬೇಡಿ ಮಾವ, ಅದು ಡ್ಯೂಟಿಲಿದೆ.”

“ಡ್ಯೂಟಿಗೆ ಒಂದು ಸಾಕು. ಇವೆರಡಕ್ಕೆ ಇವತ್ತೇ ನಿವೃತ್ತಿ.”