ಮೃದಂಗ ಉಂಡ ಗಂಜಿ

ಹೂಂ ಅಂತೀರಾ? ನೀವು ಹೂಂಗುಟ್ಟಿದರೇ ನನ್ನ ಕಥೆ ನಡೆಯೋದು.

ಏಳು ನೀರಿನ ಆಚೆ ಒಂದು ನಾಡು. ಹೆಸರು ಕೇಳಬೇಡಿ, ನನಗೂ ಯಾರೂ ಹೇಳಲಿಲ್ಲ. ಅಲ್ಲೊಬ್ಬಳು ರಾಣಿ. ರಾಣಿಗೊಂದು ಕೂಸು, ಆಗಷ್ಟೇ ಎರಡು ಹಲ್ಲು ಬಂದಿದ್ದವು. ಆ ಕೂಸು ಉಣ್ಣೋದೇ ಬಿಟ್ಟಿತು. ಹಾಲು ಕೊಟ್ಟರೆ ಉಗುಳಿತು. ಹಣ್ಣು ಕೊಟ್ಟರೆ ಉಗುಳಿತು. ಗಂಜಿ ಕೊಟ್ಟರೆ ರಾಣಿಯ ಮುಖಕ್ಕೇ ಉಗುಳಿತು. ಈಗ ಅಳೋದಕ್ಕೂ ಅದಕ್ಕೆ ತ್ರಾಣವಿಲ್ಲ.

"ಇವತ್ತು ಹೊತ್ತು ಮುಳುಗೋದರೊಳಗೆ ಏನಾದರೂ ಹೊಟ್ಟೆಗೆ ಹೋಗಲೇಬೇಕು, ತಾಯಿ," ಅಂದರು ವೈದ್ಯರು.

ಸಂಗೀತದ ಗುಂಗಿನಲ್ಲಾದರೂ ಕೂಸು ಬಾಯಿ ತೆರೆದೀತು ಅಂತ ರಾಣಿ ಮೂರು ನಾಡಿನಿಂದ ಮೂವರನ್ನು ಕರೆಸಿದಳು. ಮರಳುನಾಡಿನ ಹಾತಿಮಜ್ಜ ಕೊಳಲೂದಿದ. ಕೂಸು ಆ ಕಡೆ ತಿರುಗಿತು. ಹಿಮನಾಡಿನ ಇಂಗಾ ಪಿಟೀಲು ನುಡಿಸಿದಳು. ಕೂಸು ಈ ಕಡೆ ತಿರುಗಿತು. ನಮ್ಮ ಕಡೆಯ ಈರಬಸಪ್ಪ ಮೃದಂಗ ಬಾರಿಸಿದ. ಕೂಸು ಕಣ್ಣೇ ಮುಚ್ಚಿತು.

"ಮೂವರೂ ಸೇರಿ ನುಡಿಸಿರಪ್ಪಾ!" ರಾಣಿ ಕೈಮುಗಿದಳು.

ಸೇರೋದು ಅಷ್ಟು ಸುಲಭವಾ?

"ನನ್ನ ಶ್ರುತಿಗೆ ಬನ್ನಿ," ಅಂದ ಅಜ್ಜ.

"ನನ್ನ ತಂತಿಗೆ ಬನ್ನಿ," ಅಂದಳು ಇಂಗಾ.

"ನಾನು ಯಾರ ಹತ್ತಿರಾನೂ ಬರೋನಲ್ಲ," ಅಂತ ಈರಬಸಪ್ಪ ನೀರು ಕುಡಿಯೋಕೆ ಹೋದ.

ಪಾಪ, ಇಂಗಾಗೆ ಮನಸ್ಸು ತಡೀಲಿಲ್ಲ. ಈರಬಸಪ್ಪಣ್ಣನ ಕೋಪ ಇಳಿಸಬೇಕಲ್ಲ! ನೋಡಿದಳು, ಮೃದಂಗದ ಎಡಗಡೆ ಒದ್ದೆ ಹಿಟ್ಟು ಮೆತ್ತಿಕೊಂಡಿದೆ. ಅಯ್ಯೋ ಕೊಳೆ ಅಂತ ಸೆರಗಿಲ್ಲದ ತನ್ನ ಲಂಗದ ಅಂಚಿನಲ್ಲೇ ಚೆನ್ನಾಗಿ ಒರೆಸಿ ಇಟ್ಟಳು.

ಈರಬಸಪ್ಪ ಬಂದು ಬಾರಿಸಿದ. ಗುಂ ಅನ್ನಬೇಕಾದದ್ದು ಟಣ್ ಅಂತು.

"ಯಾವ ಪುಣ್ಯಾತ್ಮರು ನನ್ನ ರವೆ ಹಿಟ್ಟು ಒರೆಸಿದ್ದು? ಅದಿಲ್ಲದೆ ಇದಕ್ಕೆ ದನಿ ಎಲ್ಲಿಂದ ಬರಬೇಕು!"

"ಅಣ್ಣಾ, ನಾನು ಕೊಳೆ ಅಂದ್ಕೊಂಡೆ…"

"ಕೊಳೆಯಂತೆ! ನಿನ್ನ ಪಿಟೀಲಿನ ತಂತಿ ಕಿತ್ತು ಬಟ್ಟೆ ಒಣಹಾಕಲೇನು ತಂಗಿ?"

ಕಿಟಕಿಯಲ್ಲಿ ಬಿಸಿಲು ಕೆಂಪಾಗುತ್ತಿತ್ತು. ಇಂಗಾ ಅತ್ತಿತ್ತ ನೋಡಿದಳು. ಕೂಸಿನ ಪಕ್ಕದಲ್ಲೇ ಗಟ್ಟಿಯಾದ ಗಂಜಿಯ ಬಟ್ಟಲು. ಒಂದು ಮುದ್ದೆ ತೆಗೆದು ಮೃದಂಗದ ಎಡಗಡೆಯ ಚರ್ಮದ ನಡುವಿಗೆ ಮೆತ್ತಿದಳು. ಈರಬಸಪ್ಪ ತಟ್ಟಿದ.

ಗುಂ!

ಕೂಸು ಕಣ್ಣು ಬಿಟ್ಟಿತು.

ಗುಂ, ಗುಂ!

ಕೂಸು ಕೈ ಚಾಚಿತು. ರಾಣಿ ಹತ್ತಿರ ತಂದಳು. ಕೇಳಿ, ಏನಾಯ್ತು ಗೊತ್ತಾ? ಮೃದಂಗದ ಮೇಲಿನ ಗಂಜಿಯನ್ನು ಬೆರಳಿನಿಂದ ಕೆರೆದು ಸೀದಾ ಬಾಯಿಗಿಟ್ಟಿತು! ನುಂಗಿತು ಕೂಡ!

"ನಿಲ್ಲಿಸಬೇಡಿ!" ರಾಣಿ ಉಸಿರುಗಟ್ಟಿ ಅಂದಳು.

ಕೂಸು ಕೆರೆದಷ್ಟೂ ಮೃದಂಗದ ದನಿ ಏರಿತು. ಇಂಗಾ ತಂತಿಯ ಮೇಲೆ ಬೆರಳು ಜಾರಿಸಿ ಅದರ ಹಿಂದೆ ಏರಿದಳು, ಹಾತಿಮಜ್ಜ ತುಟಿ ಓರೆಮಾಡಿ ಏರಿದ. ಕೂಸಿನ ದಾದಿ ಇನ್ನೊಂದು ಮುದ್ದೆ ಮೆತ್ತಿದಳು, ದನಿ ಇಳಿಯಿತು, ಇವರೂ ಇಳಿದರು. ಯಾರ ಶ್ರುತಿಗೆ ಯಾರು ಬಂದರು ಅಂತ ಯಾರಿಗೂ ನೆನಪಿಲ್ಲ.

ಬಟ್ಟಲು ಬರಿದಾಯಿತು. ಕೂಸು ತೇಗಿತು. ಮೃದಂಗಕ್ಕೇ ಕೆನ್ನೆ ಆನಿಸಿ ನಿದ್ದೆ ಹೋಯಿತು. ರಾಣಿ ಗೋಡೆಗೊರಗಿ ಕೂತಳು, ಎಷ್ಟು ದಿನದ ಉಸಿರೋ, ಒಮ್ಮೆಗೇ ಬಿಟ್ಟಳು.

ಈರಬಸಪ್ಪ ಪಿಸುಗುಟ್ಟಿದ: "ತಂಗೀ, ನಾಳೆನೂ ಒರೆಸಿ ಇಟ್ಟುಬಿಡವ್ವಾ."

ಅವರು ಅಲ್ಲಿ ಉಂಡರು, ನಾನು ಇಲ್ಲಿ ಹೇಳಿದೆ. ಈಗ ನಿಮ್ಮ ಹೂಂ ನನಗೆ ಬೇಡ, ಮನೆಗೆ ಕೊಂಡೊಯ್ಯಿರಿ.